ಮರಳುಗಾಡು ದಾಟಿದ ಲಾರಿಗಳು: ಒಂದು ತಿದ್ದುಪಡಿ



ಈ ಸಲದ ಬರಹವು ಒಂದು ತಿದ್ದುಪಡಿ. ತರಗತಿಯಲ್ಲಿ ನಾನು ಹೇಳಿದ ಒಂದು ತಪ್ಪು ಮಾತು ಸುಮಾರು ಮೂವತ್ತು ವರ್ಷಗಳ ಬಳಿಕ ಮಲೆನಾಡಿನ ಒಂದು ಧರೆಗೆ ಹೋಗಿ ಢಿಕ್ಕಿ ಹೊಡೆದ ಪ್ರಸಂಗದಿಂದ ಅದನ್ನು ಆರಂಭಿಸಬೇಕಾಗಿದೆ.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು, ತಾನು ಹೊಸದಾಗಿ ಕೊಂಡ ವಾಹನದಲ್ಲಿ ತೀರ್ಥಹಳ್ಳಿಯ ಕಡೆಗಿರುವ ತನ್ನ ತೋಟಕ್ಕೆ ನನ್ನನ್ನು ಕರೆದೊಯ್ದನು. ಆನೆಯಂತಹ ವಾಹನ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹೋಗುವಂಥದ್ದು. ಡಾಂಬರು ರಸ್ತೆ ಮುಗಿದು ಮಣ್ಣಿನ ದಾರಿ ಆರಂಭವಾದೊಡನೆ ಅವನು ಬಹಳ ಹೆಮ್ಮೆಯಿಂದ ಒಂದು ಗುಂಡಿಯನ್ನು ತಿರುಗಿಸಿ, “ಇನ್ನು ಯೋಚನೆ ಇಲ್ಲ ಸಾರ್” ಎಂದನು. ಏರು ದಾರಿಯನ್ನು ವಾಹನವು ನಿಜಕ್ಕೂ ಸಲೀಸಾಗಿ ಹತ್ತಿತು. ಆದರೆ ಗುಡ್ಡದ ಆಚೆ ಇಳಿಯುವಾಗ ತಿರುವಿನಲ್ಲಿ ಬ್ರೇಕು ಒತ್ತಿದ್ದೇ ತಡ, ನಾಲ್ಕೂ ಚಕ್ರಗಳು ಬೆಣ್ಣೆಯ ಮೇಲಿಟ್ಟಂತೆ ಜಾರಿದವು. ಬಲಗಡೆ ಧರೆ, ಎಡಗಡೆ ಅಡಿಕೆ ತೋಟದ ಆಳವಾದ ಇಳುಕಲು. ನಮ್ಮ ಪುಣ್ಯಕ್ಕೆ ವಾಹನವು ಧರೆಯ ಕಡೆಗೆ ಜಾರಿ ನಿಂತಿತು. ಹಿಂದಿನ ಸೀಟಿನಲ್ಲಿ ಅವನ ಎಂಟು ವರ್ಷದ ಮಗಳಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಮಗುವಿನ ಮುಖವನ್ನು ನಾನು ಮರೆತಿಲ್ಲ.

ಅವನು ಕೆಳಗಿಳಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ಕೇಳಿದನು: “ನಾಲ್ಕೂ ಚಕ್ರಕ್ಕೆ ಶಕ್ತಿ ಇದ್ದೂ ಯಾಕೆ ಸಾರ್ ಜಾರಿತು? ಫೋರ್ ವೀಲ್ ಡ್ರೈವ್ ಇದ್ದರೆ ಮರುಭೂಮಿಯನ್ನೇ ದಾಟಬಹುದು ಅಂತ ಒಂಬತ್ತನೇ ಕ್ಲಾಸಿನಲ್ಲಿ ನೀವೇ ಹೇಳಿದ್ದಿರಲ್ಲ!”

ಹೇಳಿದ್ದೆ. ನನಗೆ ಚೆನ್ನಾಗಿ ನೆನಪಿದೆ. ಎರಡನೆಯ ಮಹಾಯುದ್ಧದ ಪಾಠದಲ್ಲಿ ಉತ್ತರ ಆಫ್ರಿಕಾದ ಕದನಕ್ಕೆ ಪಠ್ಯಪುಸ್ತಕವು ಕೊಟ್ಟಿದ್ದು ಎರಡೋ ಮೂರೋ ವಾಕ್ಯಗಳು. ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡು, ಹುಡುಗರು ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಲು ನಾನೊಂದು ಕಥೆ ಸೇರಿಸುತ್ತಿದ್ದೆ. ಬ್ರಿಟಿಷರ ಒಂದು ಸಣ್ಣ ದಳವು ಲಿಬಿಯಾದ ಮರಳ ಸಮುದ್ರವನ್ನು ದಾಟಿ ಇಟಲಿಯವರ ಬೆನ್ನ ಹಿಂದೆ ಪ್ರತ್ಯಕ್ಷವಾಯಿತೆಂದೂ, ಅವರ ಬಳಿ ನಾಲ್ಕು ಚಕ್ರ ಎಳೆಯುವ ಜೀಪುಗಳಿದ್ದವೆಂದೂ, ಇಟಲಿಯವರ ಬಳಿ ಅಂಥವು ಇರಲಿಲ್ಲವಾದ್ದರಿಂದ ಅವರು ಸೋತರೆಂದೂ ಹೇಳುತ್ತಿದ್ದೆ. ಯಾವುದೋ ಇಂಗ್ಲಿಷ್ ಸಿನಿಮಾದ ನೆನಪು, ಯಾವುದೋ ವಾರಪತ್ರಿಕೆಯ ಓದು, ಉಳಿದದ್ದು ನನ್ನ ಊಹೆ. ನಿವೃತ್ತನಾದ ಮೇಲೆ ಆ ದಳದ ಇತಿಹಾಸವನ್ನು ಕುಳಿತು ಓದಿದಾಗ ತಿಳಿಯಿತು: ನಾನು ಹೇಳಿದ್ದು ಬರೀ ತಪ್ಪಲ್ಲ, ತಲೆಕೆಳಗು. ಅದನ್ನು ನಿಮಗೆಲ್ಲ ತಿಳಿಸಬೇಕೆಂದುಕೊಂಡು ಸೋಮಾರಿತನದಿಂದ ಸುಮ್ಮನಿದ್ದೆ. ಆ ಧರೆಯು ಎಚ್ಚರಿಸಿತು.

ಮೊದಲು ನಾಲ್ಕು ಚಕ್ರದ ಚಾಲನೆಯ ಪಕ್ಷದಲ್ಲಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಅದು ಜೀಪಿನೊಂದಿಗೆ ಹುಟ್ಟಿದ್ದಲ್ಲ. ಹಾಲೆಂಡಿನ ಸ್ಪೈಕರ್ ಸಹೋದರರು 1903ರಲ್ಲಿಯೇ ಅಂಥದ್ದೊಂದು ಕಾರನ್ನು ಮಾಡಿದ್ದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಯಂತ್ರದ ಅಂಗಡಿ ಇಟ್ಟುಕೊಂಡಿದ್ದ ಆಟೊ ಜಾಕೋ ಮತ್ತು ಅವರ ಭಾವಮೈದುನ ವಿಲಿಯಂ ಬೆಸರ್ಡಿಕ್ ಎಂಬವರು 1908ರ ಹೊತ್ತಿಗೆ ಇದರ ಮುಖ್ಯ ತೊಡಕನ್ನು ಬಿಡಿಸಿದರು. ತೊಡಕೇನೆಂದರೆ, ಮುಂದಿನ ಚಕ್ರವು ಉರುಳಲೂ ಬೇಕು, ದಾರಿ ತಿರುಗಿದಂತೆ ಎಡಕ್ಕೂ ಬಲಕ್ಕೂ ಹೊರಳಲೂ ಬೇಕು. ಹೊರಳುವ ಚಕ್ರಕ್ಕೆ ಎಂಜಿನ್ನಿನ ಶಕ್ತಿಯನ್ನು ತುಂಡಾಗದಂತೆ ಮುಟ್ಟಿಸುವ ಕೀಲು ಬೇಕು. ಅದೇ ರಾಜ್ಯದ ಕೆನೋಷಾದಲ್ಲಿ ಜೆಫ್ರಿ ಕಂಪನಿಯು 1913ರಲ್ಲಿ ‘ಕ್ವಾಡ್’ ಎಂಬ ಲಾರಿಯನ್ನು ಹೊರತಂದಿತು. ನಾಲ್ಕು ಚಕ್ರಕ್ಕೂ ಶಕ್ತಿ, ನಾಲ್ಕು ಚಕ್ರಕ್ಕೂ ಬ್ರೇಕು, ನಾಲ್ಕು ಚಕ್ರಗಳೂ ಹೊರಳುವಂಥದ್ದು. 1916ರಲ್ಲಿ ಜನರಲ್ ಪರ್ಷಿಂಗ್ ಅವರು ಪಾಂಚೋ ವಿಲಾನನ್ನು ಬೆನ್ನಟ್ಟಿ ಮೆಕ್ಸಿಕೋದೊಳಗೆ ಹೋದಾಗ ಇಂಥ ಲಾರಿಗಳೇ ಸಾಮಾನು ಹೊತ್ತವು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕೆಸರಿನಲ್ಲಿಯೂ ಅವು ಸಾವಿರಗಟ್ಟಲೆ ದುಡಿದವು. ಕೆಸರಿನಲ್ಲಿ ಅವುಗಳ ಯೋಗ್ಯತೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಇನ್ನು ಮರಳುಗಾಡು.

ರಾಲ್ಫ್ ಬ್ಯಾಗ್ನಾಲ್ಡ್ (1896–1990) ಎಂಬವರು ಬ್ರಿಟಿಷ್ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದು, ಬಳಿಕ ಸಿಗ್ನಲ್ಸ್ ವಿಭಾಗದ ಅಧಿಕಾರಿಯಾದವರು. ಕೆಲಕಾಲ ನಮ್ಮ ದೇಶದಲ್ಲಿಯೂ ಸೇವೆಯಲ್ಲಿದ್ದರು. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದಾಗ ರಜೆಯ ದಿನಗಳನ್ನು ಇತರ ಅಧಿಕಾರಿಗಳಂತೆ ಪೋಲೋ ಆಟದಲ್ಲಿ ಕಳೆಯದೆ, ಗೆಳೆಯರನ್ನು ಕೂಡಿಕೊಂಡು ಸ್ವಂತ ಖರ್ಚಿನಲ್ಲಿ ಫೋರ್ಡ್ ಕಾರುಗಳಲ್ಲಿ ಮರುಭೂಮಿಗೆ ನುಗ್ಗುತ್ತಿದ್ದರು. ಮೊದಲು ಮಾಡೆಲ್ ಟಿ, ಆಮೇಲೆ ಮಾಡೆಲ್ ಎ. ಎರಡಕ್ಕೂ ಶಕ್ತಿ ಹೋಗುತ್ತಿದ್ದುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಈಜಿಪ್ಟಿನ ಪಶ್ಚಿಮಕ್ಕಿರುವ ಮಹಾ ಮರಳ ಸಮುದ್ರವನ್ನು ವಾಹನದಲ್ಲಿ ದಾಟುವುದು ಅಸಾಧ್ಯವೆಂದು ಆಗ ಎಲ್ಲರೂ ನಂಬಿದ್ದರು. ನೂರಾರು ಅಡಿ ಎತ್ತರದ ಮರಳ ದಿಣ್ಣೆಗಳು ಸಾಲುಸಾಲಾಗಿ ನಿಂತ ಪ್ರದೇಶವದು. 1930ರಲ್ಲಿ ಬ್ಯಾಗ್ನಾಲ್ಡ್ ತಂಡವು ಅದನ್ನು ಇದೇ ಫೋರ್ಡುಗಳಲ್ಲಿ ದಾಟಿತು.

ಹೇಗೆ ಸಾಧ್ಯವಾಯಿತು? ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಓದಿದರೆ ತಮ್ಮ ಕ್ಷೇತ್ರಕ್ಕೆ ಕಾಲಿಟ್ಟದ್ದಕ್ಕಾಗಿ ಮನ್ನಿಸಬೇಕು.

ಚಕ್ರವು ಮರಳಿನಲ್ಲಿ ಹೂತುಹೋಗುವುದಕ್ಕೆ ಮುಖ್ಯ ಕಾರಣ ಎಂಜಿನ್ನಿನ ಶಕ್ತಿ ಸಾಲದಿರುವುದಲ್ಲ, ನೆಲದ ಮೇಲೆ ಬೀಳುವ ಒತ್ತಡ. ಒಂದು ಚಕ್ರದ ಮೇಲೆ 600 ಕಿಲೋ ಭಾರವಿದೆಯೆಂದು ಇಟ್ಟುಕೊಳ್ಳಿ. ಟಯರಿನಲ್ಲಿ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋ ಇದ್ದರೆ ಆ ಟಯರು ಹೆಚ್ಚುಕಡಿಮೆ 300 ಚದರ ಸೆಂಟಿಮೀಟರು ನೆಲವನ್ನು ಮುಟ್ಟುತ್ತದೆ. ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಟಯರು ಚಪ್ಪಟೆಯಾಗಿ ಸುಮಾರು 600 ಚದರ ಸೆಂಟಿಮೀಟರು ಮುಟ್ಟುತ್ತದೆ. ಅದೇ ಭಾರ, ಎರಡರಷ್ಟು ಜಾಗ. ಗದ್ದೆಯ ಕೆಸರಿನಲ್ಲಿ ಹಲಗೆ ಹಾಕಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂಟೆಯ ಪಾದ ಅಗಲವಾಗಿರುವುದೂ ಇದಕ್ಕಾಗಿಯೇ. ಬ್ಯಾಗ್ನಾಲ್ಡ್ ತಂಡದವರು ಅಗಲವಾದ ಟಯರು ಹಾಕಿ, ಗಾಳಿ ಇಳಿಸಿ ಓಡಿಸಿದರು. ಗಟ್ಟಿ ನೆಲ ಬಂದೊಡನೆ ಮತ್ತೆ ತುಂಬಿಸಿಕೊಳ್ಳುತ್ತಿದ್ದರು.

ಎರಡನೆಯದು, ನೆಲವನ್ನು ಓದುವ ವಿದ್ಯೆ. ಗಾಳಿ ಬೀಸಿ ಬರುವ ಕಡೆಯ ಇಳಿಜಾರಿನಲ್ಲಿ ಮರಳ ಕಣಗಳು ಒತ್ತಾಗಿ ಕೂತು ನೆಲ ಗಟ್ಟಿಯಾಗಿರುತ್ತದೆ. ದಿಣ್ಣೆಯ ನೆತ್ತಿಯಿಂದಾಚೆ, ಗಾಳಿಯ ಮರೆಯಲ್ಲಿ, ಮರಳು ಸಡಿಲವಾಗಿ ಸುರಿದು ಮೂವತ್ತು ಡಿಗ್ರಿಗೂ ಕಡಿದಾಗಿ ನಿಂತಿರುತ್ತದೆ. ಗಟ್ಟಿಯ ಕಡೆಯಿಂದ ವೇಗವಾಗಿ, ಹಿಂಜರಿಯದೆ ಹತ್ತಬೇಕು. ನೆತ್ತಿಯಲ್ಲಿ ಮುಗ್ಗರಿಸದಂತೆ ತಡೆಯಬೇಕು. ಕೇಳಲು ಸುಲಭ. ಎದುರಿಗೆ ಹಳದಿ ಗೋಡೆ ನಿಂತಿರುವಾಗ ವೇಗ ಹೆಚ್ಚಿಸುವುದಕ್ಕೆ ಎಂಥ ಎದೆ ಬೇಕು ಯೋಚಿಸಿ. ಈ ಮನುಷ್ಯ ಇಷ್ಟಕ್ಕೇ ಬಿಡದೆ, ಇಂಗ್ಲೆಂಡಿಗೆ ಮರಳಿ, ಗಾಳಿಯ ಸುರಂಗವೊಂದನ್ನು ಮಾಡಿಕೊಂಡು ಮರಳು ಹಾರುವ ಬಗೆಯನ್ನು ಪ್ರಯೋಗದಿಂದ ಅಳೆದು 1941ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಇಂದಿಗೂ ವಿಜ್ಞಾನಿಗಳು ಅದನ್ನು ಉಲ್ಲೇಖಿಸುತ್ತಾರೆ. 1944ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಅವರು ಆಯ್ಕೆಯಾದರು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸದಲ್ಲಿಲ್ಲದ ಒಬ್ಬ ಸೈನಿಕನಿಗೆ ಸಂದ ಗೌರವವದು!

ಮೂರನೆಯದು, ಹೂತಾಗ ಏನು ಮಾಡಬೇಕೆಂಬುದು. ಎಂಜಿನ್ನನ್ನು ರೊಯ್ಯನೆ ತಿರುಗಿಸಿದರೆ ಚಕ್ರವು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕೂಡಲೇ ನಿಲ್ಲಿಸಿ, ಇಳಿದು, ಸಲಿಕೆಯಿಂದ ಮರಳು ಬಗೆದು, ಹಿಂದಿನ ಚಕ್ರಗಳ ಮುಂದೆ ಉದ್ದನೆಯ ಕಬ್ಬಿಣದ ತಗಡುಗಳನ್ನು ಇಟ್ಟು, ಎಲ್ಲರೂ ತಳ್ಳಬೇಕು. ಬ್ಯಾಗ್ನಾಲ್ಡರಿಗೆ ಈ ತಗಡುಗಳು ಮೊದಲು ಸಿಕ್ಕಿದ್ದು ಕೈರೋದ ಗುಜರಿ ಅಂಗಡಿಯಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ನೆಲದಡಿಯ ಅಡಗುದಾಣಗಳಿಗೆ ಮಾಡು ಹೊದಿಸಲು ಮಾಡಿದ ತಗಡುಗಳವು.

ರೇಡಿಯೇಟರಿನ ನೀರು ಕುದಿದು ಆವಿಯಾಗಿ ಹೋಗದಂತೆ ಮಾಡಿದ ಉಪಾಯ ಇನ್ನೂ ಸೊಗಸಾದುದು. ಆವಿ ಹೊರಬರುವ ಕೊಳವೆಯನ್ನು ಅರ್ಧ ನೀರಿದ್ದ ಡಬ್ಬಿಯೊಂದರಲ್ಲಿ ಮುಳುಗಿಸಿದರು. ಆವಿ ಅಲ್ಲಿ ತಣ್ಣಗಾಗಿ ನೀರಾಗುತ್ತದೆ. ಎಂಜಿನ್ನು ಆರಿದೊಡನೆ ಆ ನೀರನ್ನು ರೇಡಿಯೇಟರು ತಾನೇ ಹೀರಿಕೊಳ್ಳುತ್ತದೆ. ಕುಡಿಯುವ ನೀರನ್ನು ಕಾರಿಗೆ ಕುಡಿಸಬೇಕಾದ ಪ್ರಮೇಯ ತಪ್ಪಿತು.

ಯುದ್ಧ ಆರಂಭವಾದಾಗ ಬ್ಯಾಗ್ನಾಲ್ಡ್ ಸೈನ್ಯದಿಂದ ನಿವೃತ್ತರಾಗಿದ್ದರು. ಮತ್ತೆ ಕರೆಸಿಕೊಂಡು ಪೂರ್ವ ಆಫ್ರಿಕಾಕ್ಕೆ ಕಳುಹಿಸಿದರು. ಅವರಿದ್ದ ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ ಇನ್ನೊಂದು ಹಡಗಿಗೆ ಢಿಕ್ಕಿ ಹೊಡೆದು, ದುರಸ್ತಿಗೆಂದು ಈಜಿಪ್ಟಿನ ಪೋರ್ಟ್ ಸೈದ್‌ನಲ್ಲಿ ನಿಂತಿತು. ಹೀಗೆ ಮರುಭೂಮಿಯನ್ನು ಬಲ್ಲ ಮನುಷ್ಯ ಮರುಭೂಮಿಯ ಬಾಗಿಲಿಗೇ ಬಂದಿಳಿದರು. ಇತಿಹಾಸದಲ್ಲಿ ಇಂಥ ಆಕಸ್ಮಿಕಗಳನ್ನು ಕಂಡಾಗ ಕಾರಣ–ಪರಿಣಾಮಗಳೆಂದು ಎರಡು ಕಾಲಂ ಬರೆಸುತ್ತಿದ್ದ ನಮ್ಮ ಪಾಠಕ್ರಮದ ಬಗೆಗೆ ನಗು ಬರುತ್ತದೆ. 1940ರ ಜೂನ್ 10ರಂದು ಇಟಲಿ ಯುದ್ಧ ಸಾರಿತು. ಬ್ಯಾಗ್ನಾಲ್ಡರು ತಮ್ಮ ಯೋಜನೆಯನ್ನು ಜನರಲ್ ವೇವೆಲ್ ಅವರ ಮುಂದಿಟ್ಟರು. ದಳವನ್ನು ಸಜ್ಜುಗೊಳಿಸಲು ಸಿಕ್ಕ ಅವಧಿ ಆರು ವಾರ. (ಇದೇ ವೇವೆಲ್ ಮುಂದೆ ನಮಗೆ ವೈಸರಾಯ್ ಆಗಿ ಬಂದರು.) ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂದು ಹೆಸರಾದ ದಳ ಹುಟ್ಟಿದ್ದು ಹೀಗೆ. ಮೊದಲ ಸೈನಿಕರಲ್ಲಿ ಹೆಚ್ಚಿನವರು ನ್ಯೂಜಿಲೆಂಡಿನವರು. 1942ರಲ್ಲಿ ಭಾರತೀಯ ಸೈನಿಕರ ಒಂದು ಸ್ಕ್ವಾಡ್ರನ್ ಕೂಡ ಈ ದಳದ ಜೊತೆಗೂಡಿ ಕೆಲಸ ಮಾಡಿತು.

ಆರಿಸಿಕೊಂಡ ವಾಹನ ಯಾವುದು? ಜೀಪು ಅಲ್ಲವೇ ಅಲ್ಲ. ಜೀಪಿನ ಮೊತ್ತಮೊದಲ ಮಾದರಿಯು ಅಮೆರಿಕದಲ್ಲಿ ಸೈನ್ಯದ ಕೈಸೇರಿದ್ದೇ 1940ರ ಸೆಪ್ಟೆಂಬರಿನಲ್ಲಿ; ಆ ಹೊತ್ತಿಗೆ ಈ ದಳದ ಮೊದಲ ತುಕಡಿಗಳು ಮರುಭೂಮಿಯೊಳಗೆ ಹೊರಟಾಗಿತ್ತು! ಅವರು ಕೊಂಡದ್ದು ಒಂದೂವರೆ ಟನ್ನಿನ ಷೆವರ್ಲೆ ಲಾರಿಗಳು. ಕೆಲವನ್ನು ಈಜಿಪ್ಟಿನ ವ್ಯಾಪಾರಿಗಳಿಂದ, ಕೆಲವನ್ನು ಈಜಿಪ್ಟಿನ ಸೈನ್ಯದಿಂದ ಪಡೆದರು. ಸಂತೆಗೆ ಮೂಟೆ ಸಾಗಿಸುವಂಥ ಮಾಮೂಲಿ ಲಾರಿಗಳು. ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ. ಬಾಗಿಲು, ಮಾಡು, ಗಾಜು ಎಲ್ಲವನ್ನೂ ಕಿತ್ತೆಸೆದು ಹಗುರ ಮಾಡಿದರು. ಪಟ್ಟಾ ಹೆಚ್ಚಿಸಿ, ಅಗಲದ ಟಯರು ಹಾಕಿ, ಮೇಲೆ ಹೇಳಿದ ನೀರಿನ ಡಬ್ಬಿ, ತಗಡುಗಳು, ಸೂರ್ಯನ ನೆರಳಿನಿಂದ ದಿಕ್ಕು ತೋರುವ ಯಂತ್ರ, ಇಷ್ಟನ್ನು ಜೋಡಿಸಿದರು. 1941ರ ಜನವರಿಯಲ್ಲಿ ಇವೇ ಲಾರಿಗಳು ಲಿಬಿಯಾದ ನೈಋತ್ಯಕ್ಕಿರುವ ಮುರ್ಜುಕ್ ಕೋಟೆಯವರೆಗೆ ಹೋಗಿ ಅಲ್ಲಿನ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿದವು.

ಇನ್ನು ನನ್ನ ಪಾಠವನ್ನು ಸಂಪೂರ್ಣ ತಲೆಕೆಳಗು ಮಾಡುವ ಸಂಗತಿ. ನಾಲ್ಕು ಚಕ್ರ ಎಳೆಯುವ, ನಾಲ್ಕು ಚಕ್ರಗಳೂ ಹೊರಳುವ, ಮರುಭೂಮಿಗೆಂದೇ ರೂಪಿಸಿದ ಲಾರಿಗಳು ಇದ್ದುದು ಇಟಲಿಯವರ ಬಳಿ! ಸ್ಪಾ ಎಎಸ್ 37 ಎಂದು ಅದರ ಹೆಸರು. ಒಳ್ಳೆಯ ವಾಹನವೇ. ಅದು ಅವರ ಕೈಯಲ್ಲಿತ್ತು ಎಂಬುದನ್ನು ನಾನು ಮೂವತ್ತು ವರ್ಷ “ಇರಲಿಲ್ಲ” ಎಂದು ಪಾಠ ಮಾಡಿದೆ.

ಬ್ರಿಟಿಷ್ ದಳಕ್ಕೂ ಒಮ್ಮೆ ನಾಲ್ಕು ಚಕ್ರದ ಚಾಲನೆ ಬಂತು. ಓಡಿ ಓಡಿ ಸವೆದ ಷೆವರ್ಲೆಗಳ ಬದಲಿಗೆ 1941ರಲ್ಲಿ ಫೋರ್ಡ್ ಎಫ್ 30 ಎಂಬ ಲಾರಿಗಳನ್ನು ಕೊಟ್ಟರು. ಅವು ನಾಲ್ಕು ಚಕ್ರ ಎಳೆಯುವಂಥವು, ಬಲಶಾಲಿ, ಆದರೆ ಭಾರ. ಪೆಟ್ರೋಲು ಷೆವರ್ಲೆಯ ಇಮ್ಮಡಿ ಬೇಕಾಗುತ್ತಿತ್ತು. ಇದರ ಅರ್ಥವನ್ನು ಒಂದು ಲೆಕ್ಕದಿಂದ ನೋಡೋಣ (ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು). ಗ್ಯಾಲನ್ನಿಗೆ 10 ಮೈಲಿ ಓಡುವ ಲಾರಿಗೆ 1,000 ಮೈಲಿಗೆ 100 ಗ್ಯಾಲನ್ ಬೇಕು. ಅದರ ತೂಕ ಸುಮಾರು 335 ಕಿಲೋ. ಗ್ಯಾಲನ್ನಿಗೆ 5 ಮೈಲಿಯ ಲಾರಿಗೆ 200 ಗ್ಯಾಲನ್, ಸುಮಾರು 670 ಕಿಲೋ. ಒಂದೂವರೆ ಟನ್ನಿನ ಲಾರಿಯಲ್ಲಿ ನೀರು, ಆಹಾರ, ಮದ್ದುಗುಂಡುಗಳಿಗೆ ಇರುವ ಜಾಗದಲ್ಲಿ ಮೂರು ಕ್ವಿಂಟಾಲಿಗೂ ಹೆಚ್ಚು ಪೆಟ್ರೋಲಿಗೇ ಹೋಯಿತು. ಮರುಭೂಮಿಯಲ್ಲಿ ಪೆಟ್ರೋಲ್ ಬಂಕು ಇಲ್ಲ. ಹೂತ ಲಾರಿಯನ್ನು ತಗಡು ಇಟ್ಟು ಎತ್ತಬಹುದು. ಪೆಟ್ರೋಲು ಮುಗಿದ ಲಾರಿಯನ್ನು ಏನೂ ಮಾಡಲಾಗದು. 1942ರ ಮಾರ್ಚ್‌ನಿಂದ ಫೋರ್ಡುಗಳ ಬದಲಿಗೆ ಕೆನಡಾದಿಂದ ವಿಶೇಷವಾಗಿ ತರಿಸಿದ ಹೊಸ ಷೆವರ್ಲೆಗಳು ಬಂದವು. ಮತ್ತೆ ಹಿಂದಿನ ಎರಡೇ ಚಕ್ರದ ಚಾಲನೆ! ನಾಲ್ಕು ಚಕ್ರದ ಚಾಲನೆಯನ್ನು ಉಪಯೋಗಿಸಿ ನೋಡಿ, ತಿಳಿದೂ ತಿಳಿದೂ ಎರಡಕ್ಕೆ ಮರಳಿದರು. ಆ ವರ್ಷವೇ ಜೀಪುಗಳೂ ಈ ದಳವನ್ನು ಸೇರಿದವೆಂಬುದು ನಿಜ. ಆದರೆ ಅವು ಮುಂದೆ ಹೋಗಿ ದಾರಿ ನೋಡುವುದಕ್ಕೆ. ಸಾಮಾನು ಹೊತ್ತದ್ದು ಷೆವರ್ಲೆ. 1942ರ ಸೆಪ್ಟೆಂಬರಿನಲ್ಲಿ ಸಾವಿರ ಮೈಲಿಗೂ ಹೆಚ್ಚು ದಾರಿ ಕ್ರಮಿಸಿ ಬಾರ್ಸೆ ಎಂಬಲ್ಲಿನ ಇಟಲಿಯ ವಿಮಾನಗಳನ್ನು ಸುಟ್ಟ ತಂಡದಲ್ಲಿ ಎರಡೂ ಇದ್ದವು.

ಹಾಗಾದರೆ ನಾಲ್ಕು ಚಕ್ರದ ಚಾಲನೆ ವ್ಯರ್ಥವೇ? ಖಂಡಿತ ಅಲ್ಲ. ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದನ್ನು ಕಲಿಸಲಾರೆ. ನೆಲದ ಹಿಡಿತವೆಂಬುದು ಶಕ್ತಿಯಿರುವ ಚಕ್ರಗಳ ಮೇಲೆ ಎಷ್ಟು ಭಾರ ಬಿದ್ದಿದೆಯೋ ಅದನ್ನು ಅವಲಂಬಿಸಿದೆ. ತುಂಬಿದ ಲಾರಿಯಲ್ಲಿ ಹೆಚ್ಚಿನ ಭಾರ ಹಿಂದಿನ ಚಕ್ರಗಳ ಮೇಲೆಯೇ ಇರುವುದರಿಂದ ಹಿಂದಿನ ಚಾಲನೆ ಸಾಕಾಗುತ್ತದೆ. ಖಾಲಿ ವಾಹನಕ್ಕೆ, ಅದರಲ್ಲಿಯೂ ಮುಂದೆ ಎಂಜಿನ್ನಿನ ಭಾರವಿದ್ದು ಹಿಂದೆ ಏನೂ ಇಲ್ಲದ ವಾಹನಕ್ಕೆ, ನಾಲ್ಕು ಚಕ್ರದ ಚಾಲನೆಯಿಂದ ದೊಡ್ಡ ಲಾಭ. ಕೆಸರಿನಲ್ಲಂತೂ ಮುಂದಿನ ಚಕ್ರ ತಾನೂ ಎಳೆಯದಿದ್ದರೆ ನೇಗಿಲಿನಂತೆ ಮಣ್ಣನ್ನು ದೂಡಿಕೊಂಡು ಹೋಗಬೇಕಾಗುತ್ತದೆ. ಅದೇ ಯುದ್ಧದಲ್ಲಿ 1944ರ ಮಳೆಗಾಲದಲ್ಲಿ ಇಂಫಾಲ–ಕೊಹಿಮಾ ಬೆಟ್ಟಗಳ ಜೇಡಿಮಣ್ಣಿನಲ್ಲಿ ನಮ್ಮ ಸೈನಿಕರಿಗೆ ಸರಪಳಿ ಕಟ್ಟಿದ ಜೀಪುಗಳೇ ಆಧಾರವಾದವು. ಅವೂ ಹೋಗಲಾರದ ಕಡೆಗೆ ಹೇಸರಗತ್ತೆಗಳು. ಅಲ್ಲಿಗೆ ಷೆವರ್ಲೆಯನ್ನು ಒಯ್ದಿದ್ದರೆ ಮೊದಲ ತಿರುವಿನಲ್ಲೇ ನಿಲ್ಲುತ್ತಿತ್ತು.

ಸರಪಳಿ ಎಂದಾಗ ನೆನಪಾಯಿತು. ನಿಮ್ಮಲ್ಲಿ ಹಿರಿಯ ಬ್ಯಾಚಿನವರಿಗೆ ನಮ್ಮೂರಿನ ಬಾಡಿಗೆ ಜೀಪು ಮರೆತಿರಲಾರದು. ಅದರ ಮುಂದಿನ ಚಕ್ರಕ್ಕೆ ಶಕ್ತಿ ಇರಲಿಲ್ಲ. ಕಡಿಮೆ ಬೆಲೆಗೆ ಸಿಗುತ್ತಿದ್ದ ಎರಡು ಚಕ್ರದ ಚಾಲನೆಯ ಜೀಪು. ಕ್ರೀಡಾಕೂಟಕ್ಕೆ ಹೋಗುವಾಗ ದೇವಸ್ಥಾನದ ಏರಿನಲ್ಲಿ ಚಕ್ರ ಗಿರ್ರೆಂದು ಸುತ್ತತೊಡಗಿದರೆ ಚಾಲಕರು, “ಮೇಷ್ಟ್ರೆ, ನಾಲ್ಕು ಹುಡುಗರನ್ನ ಹಿಂದುಗಡೆ ನಿಲ್ಲಿಸಿ ಮಾರಾಯ್ರೆ” ಎನ್ನುತ್ತಿದ್ದರು. ಹುಡುಗರು ಹಿಂದಿನ ಮೆಟ್ಟಿಲ ಮೇಲೆ ಜೋತುಬಿದ್ದರೆ ಜೀಪು ಮುಗುಮ್ಮಾಗಿ ಹತ್ತುತ್ತಿತ್ತು. ಭಾರ ಎಲ್ಲಿ ಬೀಳಬೇಕೋ ಅಲ್ಲಿ ಬಿತ್ತು. ಆಷಾಢದಲ್ಲಿ ಹಿಂದಿನ ಟಯರುಗಳಿಗೆ ಕಬ್ಬಿಣದ ಚೈನು ಕಟ್ಟುತ್ತಿದ್ದರು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಆ ಮನುಷ್ಯನಿಗೆ ಬ್ಯಾಗ್ನಾಲ್ಡರ ಹೆಸರು ಗೊತ್ತಿರಲಿಲ್ಲ. ಎದುರಿಗೇ ನಿಂತು ನೋಡುತ್ತಿದ್ದ ನಾನು ಮಾತ್ರ ತರಗತಿಗೆ ಹೋಗಿ ಬೇರೆಯದನ್ನೇ ಹೇಳುತ್ತಿದ್ದೆ.

ಈಗ ಆ ಧರೆಯ ಪ್ರಶ್ನೆಗೆ ಉತ್ತರ. ಮಗೂ, ಇದು ನಿನಗಾಗಿ. ಎಂಜಿನ್ನಿನ ಶಕ್ತಿ ನಾಲ್ಕು ಚಕ್ರಕ್ಕೆ ಹೋಗುವುದರಿಂದ ಲಾಭವಿರುವುದು ಮುಂದೆ ಹೋಗುವುದಕ್ಕೆ. ನಿಲ್ಲುವುದಕ್ಕೆ ಬ್ರೇಕು ಬೇಕು. ಅದು ಹಳೆಯ ಅಂಬಾಸಿಡರಿನಲ್ಲಿಯೂ ನಾಲ್ಕು ಚಕ್ರಕ್ಕೂ ಇತ್ತು. ತಿರುವಿನಲ್ಲಿ ವಾಹನವನ್ನು ಹಿಡಿದಿಡುವುದು ಟಯರು ಮತ್ತು ನೆಲದ ನಡುವಿನ ಘರ್ಷಣೆ. ನೆಲ ಜಾರುತ್ತಿದ್ದರೆ ನಿನ್ನ ವಾಹನಕ್ಕೂ ಆ ಅಂಬಾಸಿಡರಿಗೂ ವ್ಯತ್ಯಾಸವಿಲ್ಲ. ನಿನ್ನದು ಭಾರವಾಗಿರುವುದರಿಂದ ಜಾರತೊಡಗಿದ ಮೇಲೆ ಕೊಡುವ ಪೆಟ್ಟು ಇನ್ನೂ ದೊಡ್ಡದು. ಏರಿನಲ್ಲಿ ಅದು ಜಾರದೆ ಹತ್ತಿದ್ದರಿಂದಲೇ ನೆಲ ಎಷ್ಟು ನುಣುಪಾಗಿದೆಯೆಂದು ನಿನಗೆ ತಿಳಿಯಲಿಲ್ಲ. ಹಳೆಯ ಜೀಪು ಏರಿನಲ್ಲೇ ಚಕ್ರ ಸುತ್ತಿಸಿ ಎಚ್ಚರಿಕೆ ಕೊಟ್ಟಿರುತ್ತಿತ್ತು. ಇಳಿಯುವಾಗ ಮೊದಲೇ ಸಣ್ಣ ಗೇರಿಗೆ ಹಾಕು, ಬ್ರೇಕನ್ನು ಒಮ್ಮೆಗೇ ಒತ್ತಬೇಡ, ನಡೆದು ಹೋಗುವ ವೇಗದಲ್ಲಿ ಇಳಿ. ನುಣುಪಾದ ಆ ಟಯರುಗಳನ್ನು ಬದಲಾಯಿಸು. ಮಗುವಿಗೆ ಬೆಲ್ಟು ಹಾಕು.

ಕೊನೆಯಲ್ಲಿ ಲಂಡನ್ನಿನಲ್ಲಿರುವ ನನ್ನ ತಂಗಿಯ ಮಗನಿಗೊಂದು ಕೆಲಸ. ಆ ದಳದವರು ಮರುಭೂಮಿಯಲ್ಲಿ ಬಿಟ್ಟು ಬಂದ ಷೆವರ್ಲೆ ಲಾರಿಯೊಂದು 1980ರಲ್ಲಿ ಲಿಬಿಯಾದಲ್ಲಿ ಸಿಕ್ಕಿತು. ನಲವತ್ತು ವರ್ಷ ಮರಳಿನಲ್ಲಿದ್ದ ಅದನ್ನು ತುಕ್ಕು ಹಿಡಿದ ಸ್ಥಿತಿಯಲ್ಲಿಯೇ ತಂದು ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ಸಂಗ್ರಹದಲ್ಲಿ ಇರಿಸಿಕೊಂಡಿದೆ. ಪ್ರದರ್ಶನದಲ್ಲಿದ್ದರೆ ಹೋಗಿ ನೋಡಿ ಬಾ. ಬರೀ ಮುಂದಿನಿಂದ ಚಿತ್ರ ತೆಗೆಯಬೇಡ. ಕಾವಲುಗಾರರು ಬಿಟ್ಟರೆ ಸ್ವಲ್ಪ ಬಗ್ಗಿ ಮುಂದಿನ ಆಕ್ಸಲಿನ ಕೆಳಗಿನಿಂದಲೂ ಒಂದು ಚಿತ್ರ ತೆಗೆದು ಕಳುಹಿಸು. ಅಲ್ಲಿ ಡಿಫರೆನ್ಷಿಯಲ್ಲಿನ ಗುಂಡು ಇರಬಾರದು. ನನ್ನ ಒಂಬತ್ತನೇ ತರಗತಿಯವರಿಗೆಲ್ಲ ಅದನ್ನು ತೋರಿಸಬೇಕಾಗಿದೆ.